ಕಳ್ಳಿಬೇಲಿಯ ಆಚೆಯಿಂದ ಬಂದ ಚೆಂಡು

ಕೊಳ್ಳೇಗಾಲ ಆಗಿನ್ನೂ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ನಾನು ಅಲ್ಲಿಗೆ ಡ್ರಿಲ್ ಮೇಷ್ಟ್ರಾಗಿ ಬಂದಾಗ ಶಾಲೆಯಲ್ಲಿದ್ದದ್ದು ಒಂದೇ ಫುಟ್‌ಬಾಲು. ಅದನ್ನು ಮುಟ್ಟಬೇಕಾದರೆ ಆಟದ ಫೀಸು ಕಟ್ಟಿರಬೇಕು. ಮಗ್ಗದ ಮನೆಗಳ ಮಕ್ಕಳು ಕಾಂಪೌಂಡಿನ ಹೊರಗೆ ನಿಂತು ನೋಡಿಕೊಂಡು ಹೋಗುತ್ತಿದ್ದರು. ನನಗೆ ಅದನ್ನು ಬಹಳ ದಿನ ನೋಡಿಕೊಂಡಿರಲು ಆಗಲಿಲ್ಲ.

ಧನಗೆರೆಯ ದಾರಿಯಲ್ಲಿ ಒಂದು ಬಯಲಿತ್ತು. ಪ್ಲೇಗು ಬಂದ ಕಾಲದಲ್ಲಿ ಊರವರು ಮನೆ ಬಿಟ್ಟು ಅಲ್ಲಿ ಗುಡಿಸಲು ಹಾಕಿಕೊಂಡಿದ್ದರಂತೆ. ಸತ್ತವರನ್ನು ಕಳ್ಳಿಬೇಲಿಯ ಆಚೆ ಹೂಳಿದ್ದರಂತೆ. ಆಮೇಲೆ ಅಲ್ಲಿ ಯಾರೂ ಉಳಲಿಲ್ಲ, ದನ ಮೇಯಿಸಲಿಲ್ಲ. ಹಾಗಾಗಿಯೇ ಅದು ನಮಗೆ ಪುಕ್ಕಟೆ ಸಿಕ್ಕಿತು. ಚಪ್ಪಲಿ ಹೊಲಿಯುವ ಮುದುಕರೊಬ್ಬರು ತುಂಡು ಚರ್ಮ ಸೇರಿಸಿ ಚೆಂಡು ಹೊಲಿದುಕೊಟ್ಟರು. ಶಾಲೆಯವರು ಬಿಸಾಡಿದ್ದ ಬ್ಲ್ಯಾಡರಿಗೆ ತೇಪೆ ಹಾಕಿ ನಾನು ಒಳಗಿಟ್ಟೆ. ಮಕ್ಕಳು ಮಗ್ಗದ ಕೆಲಸಕ್ಕೆ ಕೂರುವ ಮೊದಲು, ಬೆಳಕು ಹರಿಯುವ ಹೊತ್ತಿಗೆ ನಮ್ಮ ಆಟ.

ಮಾರ್ಗಶಿರದ ಮಂಜು ಬಿದ್ದ ಮೇಲೆ ಅದು ಶುರುವಾಯಿತು. ಒಬ್ಬ ಜೋರಾಗಿ ಒದ್ದ ಚೆಂಡು ಬೇಲಿ ದಾಟಿ ಮಂಜಿನಲ್ಲಿ ಮರೆಯಾಯಿತು. ತರಲು ಓಡುವಷ್ಟರಲ್ಲಿ ಕಳ್ಳಿಯ ಸಂದಿಯಿಂದ ಅದೇ ನಿಧಾನವಾಗಿ ಉರುಳಿಕೊಂಡು ಬಂತು. ಆಚೆ ಕುರಿ ಕಾಯುವವರು ಇರಬೇಕೆಂದುಕೊಂಡೆ. ಮರುದಿನವೂ ಬಂತು. ಮೂರನೆಯ ದಿನ ಬೇಲಿ ಬಳಸಿಕೊಂಡು ಆಚೆ ಹೋದೆ. ಹುಲ್ಲಿನ ಮೇಲೆ ಇಬ್ಬನಿ ಬೆಳ್ಳಗೆ ಕೂತಿತ್ತು. ಅದರಲ್ಲಿ ಚೆಂಡು ಉರುಳಿದ ಗೆರೆಯಿತ್ತು. ಹೋದ ಗೆರೆ, ತಿರುಗಿ ಬಂದ ಗೆರೆ. ನನ್ನ ಹೆಜ್ಜೆ ಬಿಟ್ಟರೆ ಬೇರೆ ಹೆಜ್ಜೆ ಇರಲಿಲ್ಲ.

ಮಕ್ಕಳಿಗೆ ನಾನು ಏನೂ ಹೇಳಲಿಲ್ಲ. ಅವರಿಗೆ ಆಗಲೇ ಗೊತ್ತಿತ್ತೋ ಏನೋ. ಬೇಲಿಯ ಕಡೆ ಯಾರೂ ನಿಂತಿರದ ಜಾಗಕ್ಕೆ ಬೇಕೆಂದೇ ಚೆಂಡು ತಳ್ಳುವುದು, ತಳ್ಳಿ ಕಾಯುವುದು ನಡೆಯತೊಡಗಿತು. ಕಾದವರಿಗೆ ಚೆಂಡು ಬರುತ್ತಿತ್ತು.

ಒಂದು ಬೆಳಿಗ್ಗೆ ಹುಡುಗನೊಬ್ಬನ ಅಜ್ಜಿ ಬಂದರು. ಮೊಮ್ಮಗನನ್ನು ಎಳೆದುಕೊಂಡು ಹೋಗುತ್ತಾರೆಂದು ಹೆದರಿದೆ. ಆ ಗುಡಿಸಲುಗಳಲ್ಲಿ ತಮ್ಮ ಇಬ್ಬರು ಅಣ್ಣಂದಿರು ಚಿಕ್ಕ ಹುಡುಗರಾಗಿದ್ದಾಗಲೇ ತೀರಿಕೊಂಡದ್ದನ್ನು ಅವರು ಹೇಳಿದರು. ಬೇಲಿಯ ಹತ್ತಿರ ಹೋಗಿ ಬಹಳ ಹೊತ್ತು ಕಿವಿಗೊಟ್ಟು ನಿಂತರು. ಚೆಂಡು ಒಮ್ಮೆ ಆಚೆ ಹೋಗಿ ಅವರ ಕಾಲ ಬಳಿಯೇ ಹಾದು ಬಂತು. ಅವರು ಬೆಚ್ಚಲಿಲ್ಲ.

“ಆಡ್ಕಳ್ಲಿ ಬುಡಿ ಮೇಷ್ಟ್ರೇ,” ಅಂದರು. “ಗುಡ್ಲಲ್ಲಿದ್ದಾಗ ಅವ್ರುನ್ನ ಆಚ್ಗೆ ಆಡಾಕೆ ಬುಟ್ಟಿರ್ನಿಲ್ಲ.”

ಸಂಕ್ರಾಂತಿ ಕಳೆದ ಮೇಲೆ ಹೆಡ್‌ಮಾಸ್ಟರು ನನ್ನನ್ನು ಕರೆಸಿದರು. ನಾನು ತಿಂಗಳುಗಟ್ಟಲೆ ಬೇಡಿದ್ದಕ್ಕೆ ಕೊನೆಗೂ ಒಪ್ಪಿದ್ದರು: ಶಾಲೆಯ ಮೈದಾನಕ್ಕೆ ಯಾರ ಮಕ್ಕಳು ಬೇಕಾದರೂ ಬರಬಹುದು, ಫೀಸು ಬೇಡ. ರಾತ್ರಿಯೆಲ್ಲ ಆ ಸಂತೋಷದಲ್ಲೇ ಇದ್ದು ಬೆಳಿಗ್ಗೆ ಮಕ್ಕಳಿಗೆ ಹೇಳಿದೆ. ಒಬ್ಬರ ಮುಖವೂ ಅರಳಲಿಲ್ಲ. ಅವರಲ್ಲಿ ದೊಡ್ಡವನು ಕೇಳಿದ, “ಅಲ್ಲಿಗಾದ್ರೆ ಎಲ್ರೂ ಬರಾಕಾಯ್ತದಾ ಸಾ?”

ಎಲ್ಲರೂ ಬರಬಹುದು ಕಣೋ, ಅದಕ್ಕೇ ತಾನೇ ನಾನು ಇಷ್ಟು ಓಡಾಡಿದ್ದು ಅಂದೆ. ಅವನು ನನ್ನನ್ನು ನೋಡುತ್ತಿರಲಿಲ್ಲ. ಎಲ್ಲರೂ ಬೇಲಿಯ ಕಡೆಗೇ ನೋಡುತ್ತಿದ್ದರು.

ಮೈದಾನ ಬೇಡವೆಂದು ಹೆಡ್‌ಮಾಸ್ಟರಿಗೆ ಹೇಳಿಬಂದೆ. ತಲೆ ಕೆಟ್ಟವನೆಂದು ಅವರು ಬೈದರು. ಹನೂರಿಗೆ ವರ್ಗವಾಗುವವರೆಗೆ, ನಾಲ್ಕು ವರ್ಷ, ನಾವು ಆ ಬಯಲಲ್ಲೇ ಆಡಿದೆವು. ಅಷ್ಟು ದಿನವೂ ಆ ಮಕ್ಕಳು ನಿರ್ಭಯವಾಗಿದ್ದರು. ನಾನು ಮಾತ್ರ ಒಂದು ಸಲವೂ ಬೇಲಿಗೆ ಬೆನ್ನು ಹಾಕಿ ನಿಲ್ಲಲಿಲ್ಲ.