ನಾಲ್ಕು ದಿನ ಹಿಂದಿನ ತಾರೀಕು

ಕುಂಬ್ರದ ಅಡಿಕೆ ಹಾಳೆತಟ್ಟೆ ಕಾರ್ಖಾನೆಯಲ್ಲಿ ನನ್ನ ಕೆಲಸ ತಾರೀಕು ಹಾಕುವುದು. ಲಾರಿ ಹೊರಡುವ ದಿನವನ್ನು ಕಂಪ್ಯೂಟರಿನಲ್ಲಿ ಕೊಟ್ಟರೆ ಅದು ಹಿಂದಕ್ಕೆ ಎಣಿಸಿ, ತಟ್ಟೆ ಒತ್ತುವುದನ್ನು ಯಾವತ್ತು ಶುರು ಮಾಡಬೇಕೆಂದು ಹೇಳುತ್ತದೆ. ಒತ್ತಲು ನಾಲ್ಕು ದಿನ, ಒಣಗಿಸಲು ಎರಡು, ಕಟ್ಟಲು ಒಂದು. ಆ ಲೆಕ್ಕ ತುಂಬಿಸಿದವನು ನಾನೇ, ಏಪ್ರಿಲ್ ತಿಂಗಳ ಸುಡು ಬಿಸಿಲಿನಲ್ಲಿ. ದುಬೈಯಿಂದ ಮರಳಿದ ನಮ್ಮ ಮಾಲೀಕರು, ಬ್ಯಾರಿ ಧನಿಗೆ, ಆ ಕಂಪ್ಯೂಟರ್ ಪರದೆಯೆಂದರೆ ಪಂಚಪ್ರಾಣ. ನನಗೂ ಅದರಿಂದ ಸ್ವಲ್ಪ ಕೊಂಬು ಬಂದಿತ್ತು.

ಒತ್ತುವುದು, ಒಣಗಿಸುವುದು ಎರಡನ್ನೂ ನೋಡಿಕೊಳ್ಳುತ್ತಿದ್ದವರು ಜಾಲ್ಸೂರಿನಿಂದ ಬೆಳಗಿನ ಮೊದಲ ಬಸ್ಸಿಗೆ ಬರುತ್ತಿದ್ದ ಒಬ್ಬ ಅಕ್ಕ. ಗಂಡ ಹಾಸಿಗೆ ಹಿಡಿದಿದ್ದರು. ಮನೆ ನಡೆಯುತ್ತಿದ್ದದ್ದು ಈ ಕೆಲಸದಿಂದಲೇ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಆರ್ಡರಿನ ಕಾಗದ ಕೈಗೆ ಬಂದ ದಿನವನ್ನು ಅವರು ಒಣಗಿಸುವ ಕೋಣೆಯ ಗೋಡೆಯ ಮೇಲೆ ಇದ್ದಿಲಿನಲ್ಲಿ ಬರೆದಿಡುತ್ತಿದ್ದರು.

ಜೂನ್ ಮಳೆ ಹಿಡಿದಾಗ ಆ ಅಕ್ಕ ನನ್ನ ಮೇಜಿನ ಹತ್ತಿರ ಬಂದರು. "ಸರ್, ಈ ಮಳೆಗೆ ತಟ್ಟೆ ಒಣಗಲಿಕ್ಕೆ ಆರು ದಿನ ಬೇಕು. ನಾಲ್ಕು ದಿನ ಮೊದಲೇ ಆರ್ಡರ್ ಕೊಡಿ."

"ಕಂಪ್ಯೂಟರಿಗಿಂತ ನಿಮಗೆ ಹೆಚ್ಚು ಗೊತ್ತುಂಟಾ ಅಕ್ಕ?" ಎಂದೆ. ಪಕ್ಕದಲ್ಲಿದ್ದವರು ನಕ್ಕರು. ಅವರು ನಕ್ಕದ್ದು ನನಗೆ ಖುಷಿಯಾಯಿತು. ತಾರೀಕು ಬದಲಿಸಲಿಲ್ಲ.

ಒದ್ದೆ ತಟ್ಟೆ ಕಟ್ಟಿದರೆ ದಾರಿಯಲ್ಲೇ ಬೂಷ್ಟು ಹಿಡಿಯುತ್ತದೆಂದು ಆ ಅಕ್ಕ ಒಂದನ್ನೂ ಕಟ್ಟಲು ಬಿಡಲಿಲ್ಲ. ಲಾರಿ ಬಂದು ಖಾಲಿ ಹೋಯಿತು. ಕೊಳ್ಳುವವರು ಆರ್ಡರನ್ನೇ ರದ್ದು ಮಾಡಿದರು. ಧನಿ ಫೋನಿನಲ್ಲಿ, "ಎಂತ ಮಾರಾಯ, ಮಳೆಗಾಲದ ಲೆಕ್ಕ ಬೇರೆ ಹಾಕಿದ್ದಿಯಾ ಇಲ್ವಾ? ಈಗ ಬರ್ತೇನೆ" ಎಂದರು.

ಅವರು ಪುತ್ತೂರಿನಿಂದ ಬಂದು ಮುಟ್ಟುವಷ್ಟರಲ್ಲಿ ನಾನು ಒಣಗಿಸುವುದಕ್ಕೆ ಆರು ದಿನ ಮಾಡಿ, ಆರ್ಡರಿನ ಆರಂಭದ ತಾರೀಕನ್ನು ನಾಲ್ಕು ದಿನ ಹಿಂದಕ್ಕೆ ತಳ್ಳಿದ್ದೆ. ಈಗ ಕಂಪ್ಯೂಟರಿನ ಪ್ರಕಾರ ನಾನು ಸರಿಯಾಗಿಯೇ ಯೋಜನೆ ಹಾಕಿದ್ದೆ, ಅಕ್ಕನೇ ನಾಲ್ಕು ದಿನ ತಡವಾಗಿ ಶುರು ಮಾಡಿದ್ದರು. ಅದನ್ನು ಪ್ರಿಂಟ್ ತೆಗೆದು ಧನಿಯ ಕೈಗೆ ಕೊಟ್ಟೆ.

ಅಕ್ಕನನ್ನು ಕರೆಸಿದರು. "ಆರ್ಡರ್ ಸಿಕ್ಕಿದ ದಿನ ಗೋಡೆಯಲ್ಲಿ ಬರ್ದಿದ್ದೇನೆ ಧನಿ. ಒಮ್ಮೆ ಬಂದು ನೋಡಿ."

ಧನಿ ನನ್ನ ಮುಖ ನೋಡಿದರು. "ಗೋಡೆಯಲ್ಲಿ ಯಾರು ಬೇಕಾದ್ರೂ ಏನು ಬೇಕಾದ್ರೂ ಬರೀಬಹುದು" ಎಂದೆ. ಧನಿ ಎದ್ದು ಹೋಗಿ ನೋಡಲಿಲ್ಲ, ಅಕ್ಕನನ್ನು ಕೆಲಸದಿಂದ ತೆಗೆದರು. ಅಕ್ಕ ಅದೇ ಸಂಜೆ ಊಟದ ಬುತ್ತಿ, ಕೊಡೆ ತೆಗೆದುಕೊಂಡು ಹೋದರು. ನನಗೆ ಆಗ ನಾಚಿಕೆಯಾಗಲಿಲ್ಲ, ಬಚಾವಾದೆ ಎನಿಸಿತು. ಮರುವಾರ ಆ ಗೋಡೆಗೆ ಸುಣ್ಣ ಹೊಡೆಸಿದೆ.

ಕಳೆದ ಮಳೆಗಾಲದಲ್ಲಿ ಜಾಲ್ಸೂರಿನಲ್ಲಿ ಪುತ್ತೂರಿನ ಬಸ್ಸಿಗೆ ಕಾಯುತ್ತಿದ್ದಾಗ ಆ ಅಕ್ಕ ಪಕ್ಕದಲ್ಲಿ ಬಂದು ನಿಂತರು. ತೆಳ್ಳಗಾಗಿದ್ದರು. ಬೈಯುತ್ತಾರೆಂದು ಕಾದೆ, ಬೈದಿದ್ದರೆ ಒಳ್ಳೆಯದಿತ್ತು.

"ಸರ್, ಒಣಗಲಿಕ್ಕೆ ಈಗ ಎಷ್ಟು ದಿನ ಹಾಕುದು?"

"ಆರು" ಎಂದೆ.

ಅವರು ತಲೆಯಾಡಿಸಿದರು. "ನಮ್ಮ ಯಜಮಾನ್ರು ಇವತ್ತಿಗೂ ನನಗೇ ಬೈಯುದು, ನಿನ್ನ ಉದಾಸೀನದಿಂದ ಕೆಲಸ ಹೋಯ್ತು, ಮದ್ದಿಗೂ ಗತಿ ಇಲ್ಲದ ಹಾಗಾಯ್ತು ಅಂತ. ಮನೆ ಇಲ್ಲೇ, ಆ ಅಂಗಡಿಯ ಹಿಂದೆ. ಎರಡು ನಿಮಿಷ ಬಂದು ಮಳೆಗೆ ಒಣಗಲಿಕ್ಕೆ ಆರು ದಿನ ಬೇಕು ಅಂತ ಅವರಿಗೆ ಹೇಳಿ. ಬೇರೆ ಎಂತದೂ ಬೇಡ."

ಅಷ್ಟರಲ್ಲಿ ಕಾಸರಗೋಡಿನ ಬಸ್ಸು ಬಂತು. ನಾನು ಹೋಗಬೇಕಾಗಿದ್ದದ್ದು ಪುತ್ತೂರಿಗೆ. ಆದರೂ ಆ ಬಸ್ಸನ್ನೇ ಹತ್ತಿದೆ.