ಬಾವಿಯ ತಳದ ಬೆಳ್ಳಿ

ದೊಡ್ಡ ಬೆಳ್ಳಿ ಗಣಿಯಲ್ಲಿ ಭೂವಿಜ್ಞಾನಿಯಾಗಿದ್ದೆ ಅಂತ ದುಧನಿ ಕಡೆಯ ಬೀಗರ ಮನೆಯಲ್ಲಿ, ಊಟಕ್ಕೆ ಕೂತಾಗ, ಕೊಚ್ಚಿಕೊಂಡದ್ದೇ ತಪ್ಪಾಯಿತು ನೋಡಿ. ಮರುದಿನ ಬೆಳಿಗ್ಗೆಯೇ ಸಿಕ್ಕಿದ್ದು ಬೆಳ್ಳಿ ಹೌದೋ ಅಲ್ಲವೋ ನೋಡಿ ಹೇಳಿ ಅಂತ ನನ್ನನ್ನು ಅರ್ಧ ತೋಡಿದ ಬಾವಿಯೊಂದಕ್ಕೆ ಇಳಿಸಿದರು.

ತಳದ ಬಂಡೆಯಲ್ಲಿ ಸಿಡಿಮದ್ದು ತುಂಬಿದ ಕುಳಿಗಳು. ನಡುವೆ ಹೊಳೆಯುವ ಬಿಳಿ ಹರಳಿನ ಕಲ್ಲಿಗೆ ಅರಿಶಿನ ಕುಂಕುಮ ಹಚ್ಚಿ, ಹೊಲದ ಯಜಮಾನ ಮಲ್ಲಪ್ಪ ಅಲುಗಾಡದೆ ಕೂತಿದ್ದರು. ಮೇಲಿಂದ ಅವರ ತಮ್ಮ ಕೂಗುತ್ತಿದ್ದ: "ಅಣ್ಣಾ, ಮ್ಯಾಲ ಬಾ! ಮದ್ದು ತುಂಬಿ ತಾಸಾತು!"

"ಬೆಳ್ಳಿಗಿ ಮದ್ದು ಇಡತೀಯೇನಲೇ? ಲಕ್ಷ್ಮೀ ಅದಾಳ ಅಕಿ!"

ನಾನು ಕಲ್ಲಿನ ಪಕ್ಕ ಕುಕ್ಕರಿಸಿದೆ. "ಯಜಮಾನ್ರ, ನಿಮ್ಮ ಬೆಳ್ಳಿ ಉಡದಾರ ಕಡದ್ರ ಪುಡಿ ಆಗ್ತದೇನು? ಇದರದೊಂದು ಚೂರು ಕಡದು ನೋಡ್ರಿ," ಅಂದೆ.

ಕಡಿದರು. ಕಲ್ಲುಸಕ್ಕರೆಯಂತೆ ಕಟಕ್ಕೆಂದು ಪುಡಿಯಾಯಿತು. ಮಲ್ಲಪ್ಪ ಮುಖ ಸಣ್ಣದು ಮಾಡಿಕೊಂಡು ಎದ್ದು ನಿಂತರು. ನಾನು ಅಲ್ಲಿಗೇ ಸುಮ್ಮನಿದ್ದಿದ್ದರೆ!

"ಖರೇ ಬೆಳ್ಳಿ ಭೂಮ್ಯಾಗ ಹೊಳಿಯಂಗೇ ಇಲ್ರಿ. ವರ್ಷಗಟ್ಟಲೆ ಭೂಮಿ ಕೊರದು ಹುಡುಕಿ, ಆಳಕ್ಕ ಸುರಂಗ ಇಳಿಸಿದ್ವಿ. ಸಿಕ್ಕಿದ್ದು ಬರೇ ಬೂದು ಬಣ್ಣದ ಕಲ್ಲು. ಅದನ್ನ ಪುಡಿ ಮಾಡಿ ಕರಗಿಸಿದ ಮ್ಯಾಲೇ ಬೆಳ್ಳಿ," ಅಂತ ಪಾಠ ಶುರುಮಾಡಿದೆ.

ಮಲ್ಲಪ್ಪ ಸುತ್ತಲಿನ ಬೂದುಗಪ್ಪು ಬಂಡೆಯನ್ನು ಒಮ್ಮೆ ನಿಧಾನಕ್ಕೆ ನೋಡಿದರು.

"ಹಂಗಾರ ಸಾಹೇಬ್ರ, ಈ ಬಾವಿ ತುಂಬಾ ಅಂಥಾವೇ ಅದಾವಲ್ರೀ!"

ಮತ್ತೆ ಕೂತುಬಿಟ್ಟರು.

ಅವರನ್ನು ಎಬ್ಬಿಸಲು ತಮ್ಮನಿಗೆ ಇನ್ನೂ ಒಂದು ತಾಸು ಹಿಡಿಯಿತು. ಅಷ್ಟು ಹೊತ್ತು ನಾನು ತುಟಿ ಬಿಚ್ಚಲಿಲ್ಲ ಅಂದರೆ ನನ್ನ ಹೆಂಡತಿ ಇವತ್ತಿಗೂ ನಂಬುವುದಿಲ್ಲ.