ಎದುರುಮನೆಯವರ ಒಳ್ಳೆ ಮಾತು

"ಹೇಳ್ಕೊಂಡು ತಿರುಗಬೇಡ, ಕಣ್ಣು ಬೀಳುತ್ತೆ" ಅಂತ ಯಾರಾದರೂ ಅಂದರೆ ಇವತ್ತಿಗೂ ನನಗೆ ಮೈಯೆಲ್ಲ ಉರಿಯುತ್ತದೆ.

ಎರಡು ಸಾವಿರದ ಇಸವಿಯ ಆಚೀಚೆ ನಾನು ಮೈಸೂರಿನಲ್ಲಿ ಎಂ.ಎ. ಓದುತ್ತಿದ್ದೆ. ಜರ್ಮನಿಯಲ್ಲಿ ಒಂದು ಸೆಮಿಸ್ಟರ್ ಓದಿ ಬರಲು ನಮ್ಮ ವಿಭಾಗದಿಂದ ಒಬ್ಬರನ್ನು ಕಳಿಸುತ್ತಿದ್ದರು. ಆ ಒಬ್ಬಳು ನಾನು! ಪಾಸ್‌ಪೋರ್ಟ್ ಬಂದರೆ ವೀಸಾ, ವೀಸಾ ಬಂದರೆ ಟಿಕೆಟ್. ಎಲ್ಲಕ್ಕೂ ಮೊದಲು ಪೊಲೀಸರು ಬಂದು, ಇವಳು ಈ ವಿಳಾಸದಲ್ಲೇ ಇದ್ದಾಳೆ ಅಂತ ಬರೆದುಕೊಡಬೇಕಿತ್ತು. ತಡವಾದರೆ ಸೀಟು ಇನ್ನೊಬ್ಬರಿಗೆ ಅಂತ ಮೊದಲೇ ಹೇಳಿದ್ದರು.

ವಿಮಾನ ಹತ್ತುವವರೆಗೂ ಪಿಟಿಕ್ಕೆನ್ನಬಾರದು ಅಂತ ಅಮ್ಮನ ಕಟ್ಟಪ್ಪಣೆ. ದೃಷ್ಟಿಯಾಗುತ್ತದೆ ಅನ್ನೋದು ಹಾಗಿರಲಿ, ಒಂಟಿ ಹುಡುಗಿ ಫಾರಿನ್ನಿಗೆ ಹೋಗಿದ್ದಳಂತೆ ಅಂತ ಸುದ್ದಿಯಾದರೆ ಯಾವ ಗಂಡಿನ ಕಡೆಯವರೂ ನಮ್ಮ ಹೊಸಿಲು ತುಳಿಯೋಲ್ಲ ಅನ್ನೋದೇ ಅವಳ ನಿಜವಾದ ಭಯ. ಎದುರುಮನೆ ಆಂಟಿಗೂ ಹೇಳಲಿಲ್ಲ. ಒಂಟಿಕೊಪ್ಪಲಿನ ನಮ್ಮ ಬಾಡಿಗೆ ಮನೆಯಲ್ಲಿ ನನ್ನನ್ನು ಕೂಸಾಗಿದ್ದಾಗಿನಿಂದ ಎತ್ತಿ ಆಡಿಸಿದವರು ಅವರು.

ನಾವೆಲ್ಲ ನಂಜನಗೂಡಿಗೆ ಹೋಗಿದ್ದ ದಿನವೇ ಪೊಲೀಸಿನವನು ಬಂದ. ಮಫ್ತಿಯಲ್ಲಿದ್ದ. ನಮ್ಮ ಮನೆಗೆ ಬೀಗ ಕಂಡು ಎದುರುಮನೆಯಲ್ಲಿ ನನ್ನ ಬಗ್ಗೆ ಕೇಳಿದ. ನಮ್ಮ ಬೀದಿಯಲ್ಲಿ ಮದುವೆ ವಯಸ್ಸಿನ ಹುಡುಗಿಯ ಬಗ್ಗೆ ಅಕ್ಕಪಕ್ಕ ವಿಚಾರಿಸುವವರು ಗಂಡಿನ ಕಡೆಯವರೇ. ವಿಚಾರಿಸಲು ಬಂದವರನ್ನು ನೀವ್ಯಾರು ಅಂತ ಕೇಳುವುದು ಮರ್ಯಾದೆಯಲ್ಲ. ಆಂಟಿ ಕೇಳಲಿಲ್ಲ. ಕೂರಿಸಿ ಕಾಫಿ ಕೊಟ್ಟರು. ಹುಡುಗಿ ಅಪರಂಜಿ ಅಂದರು. ಈ ಮನೆಯಲ್ಲೇ ಇರೋದಾ ಅಂತ ಅವನು ಕೇಳಿದಾಗ, ನಮ್ಮ ಅಂತಸ್ತು ಏರಿಸೋಣ ಅಂತ, ಇದು ಸದ್ಯಕ್ಕಷ್ಟೇ, ಶ್ರೀರಾಂಪುರದಲ್ಲಿ ಸ್ವಂತ ಮನೆಯಿದೆ, ಅವರೆಲ್ಲ ಅಲ್ಲಿರೋದೇ ಜಾಸ್ತಿ ಅಂದುಬಿಟ್ಟರು. ಶ್ರೀರಾಂಪುರದಲ್ಲಿ ನಮಗಿದ್ದದ್ದು ಒಂದು ಸೈಟು, ಅದರಲ್ಲೊಂದು ಪಾಯ, ಪಾಯದ ತುಂಬ ಪಾರ್ಥೇನಿಯಂ.

ಸಾಯಂಕಾಲ ಇದನ್ನೆಲ್ಲ ಅವರು ಬಂದು ಹೇಳಿದಾಗ ಅಮ್ಮ ಹಿಗ್ಗಿ ಹೀರೇಕಾಯಿಯಾದಳು. ಅವರಿಗೆ ಕುಂಕುಮ, ಪ್ರಸಾದ ಕೊಟ್ಟು ಕಳಿಸಿದಳು. ಬಂದವನು ಪೊಲೀಸಿನವನಿರಬಹುದು ಅಂತ ನಮಗ್ಯಾರಿಗೂ ಹೊಳೆಯಲಿಲ್ಲ.

ಪಾಸ್‌ಪೋರ್ಟ್ ಬರಲೇ ಇಲ್ಲ. ಕಾದು ಸಾಕಾಗಿ ಅಪ್ಪ ಬೆಂಗಳೂರಿನ ಕಚೇರಿಗೆ ಹೋಗಿ ಕೇಳಿದರೆ, ಕೊಟ್ಟ ವಿಳಾಸದಲ್ಲಿ ಅರ್ಜಿದಾರಳು ವಾಸವಿಲ್ಲ ಅಂತ ಪೊಲೀಸರ ವರದಿ. ಮತ್ತೆ ಅರ್ಜಿ, ಮತ್ತೆ ವಿಚಾರಣೆ. ಅಷ್ಟರಲ್ಲಿ ನನ್ನ ಸೀಟಿನಲ್ಲಿ ನನ್ನ ಸಹಪಾಠಿ ಹೋಗಿಯಾಗಿತ್ತು. ನಾನು ಒಂದು ವಾರ ಅನ್ನ ಬಿಟ್ಟು ಅತ್ತೆ. ಆಮೇಲೆ ಬಂದ ಪಾಸ್‌ಪೋರ್ಟಿಗೆ ಒಂದು ಸೀಲೂ ಬೀಳಲಿಲ್ಲ. ಗ್ಯಾಸ್ ಕನೆಕ್ಷನ್‌ಗೆ ವಿಳಾಸದ ದಾಖಲೆಯಾಗಿ ತೋರಿಸಿದೆ, ಅಷ್ಟೇ ಅದರ ಭಾಗ್ಯ.

ಅಮ್ಮ ಆಗಲೂ ಆಂಟಿಗೆ ಏನೂ ಹೇಳಲಿಲ್ಲ, ನನಗೂ ಹೇಳಗೊಡಲಿಲ್ಲ. ನನ್ನ ಮದುವೆ ನಿಶ್ಚಯವಾದಾಗ ಆಂಟಿ ಬಂದು, ಆವತ್ತು ವಿಚಾರಿಸಿದೋರ ಕಡೆ ಹುಡುಗನೇನಾ ಅಂತ ಆಸೆಯಿಂದ ಕೇಳಿದರು. ತಡೆಯಲಾಗಲಿಲ್ಲ, ಎಲ್ಲ ಹೇಳಿಬಿಟ್ಟೆ. ಅವರ ಮುಖ ಬಿಳಿಚಿಕೊಂಡಿತು.

"ನಂಗೊಂದು ಮಾತು ಹೇಳಿದ್ದಿದ್ರೆ, ನೀನು ಹುಟ್ಟಿ ಬೆಳೆದಿದ್ದೆಲ್ಲ ಇದೇ ಮನೇಲಿ ಅಂತ ಸ್ಟೇಷನ್‌ಗೇ ಹೋಗಿ ಹೇಳ್ತಿದ್ನಲ್ಲ ಕಣಮ್ಮ."

ಅಡುಗೆಮನೆಯಿಂದ ಅಮ್ಮ, ಆಗಿದ್ದಾಯ್ತು, ಬಿಡು ಅಂದಳು. ಹೊರಗೆ ಬರಲಿಲ್ಲ. ನಾನು ಇನ್ನೂ ಬಿಟ್ಟಿಲ್ಲ.